ಒಂದು ಆಮಶಂಕೆ, ಒಂದು ಜೇಬುಗಡಿಯಾರ

1915ರ ಆಗಸ್ಟ್ 9 ಮತ್ತು 10. ಮೊದಲ ಮಹಾಯುದ್ಧ, ತುರ್ಕರ ಮೇಲೆ ಬ್ರಿಟಿಷರ ದಾಳಿ. ತುರ್ಕಿಯ ಗ್ಯಾಲಿಪೊಲಿಯಲ್ಲಿ ಚುನುಕ್ ಬೈರ್ ಎಂಬ ದಿಣ್ಣೆ, ಎತ್ತರ ಸುಮಾರು 260 ಮೀಟರ್. ನಮ್ಮ ಕಡೆಯ ಬೆಟ್ಟಗಳ ಮುಂದೆ ಅದೊಂದು ದಿಬ್ಬ ಅಷ್ಟೆ. ಆ ಎರಡು ಬೆಳಗುಗಳಲ್ಲಿ ಇಬ್ಬರು ಭಾವೀ ರಾಜಕಾರಣಿಗಳ ಹಣೆಬರಹ ಅಲ್ಲಿ ತೂಗಾಡುತ್ತಿತ್ತು. ಒಬ್ಬ ಅಲ್ಲಿದ್ದ. ಎದೆಗೆ ಪೆಟ್ಟು ಬಿತ್ತು, ಜೇಬಿನ ಗಡಿಯಾರ ಕಾಪಾಡಿತು. ಇನ್ನೊಬ್ಬ ಅಲ್ಲಿರಬೇಕಿತ್ತು, ಇರಲಿಲ್ಲ. ಆಮಶಂಕೆ ಹತ್ತಿ ಮಾಲ್ಟಾದ ಆಸ್ಪತ್ರೆಯಲ್ಲಿ ಮಲಗಿದ್ದ. ಗಡಿಯಾರದವನು ಮುಸ್ತಫಾ ಕಮಾಲ್, ಮುಂದೆ ತುರ್ಕಿ ಗಣರಾಜ್ಯ ಕಟ್ಟಿದವನು. ಆಮಶಂಕೆಯವನು ಕ್ಲೆಮೆಂಟ್ ಅಟ್ಲಿ, 1947ರಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದು ಭಾರತ ಸ್ವಾತಂತ್ರ್ಯ ಕಾಯಿದೆ ತಂದವನು.

ರಾಜಕಾರಣಿಯೊಬ್ಬನ ಸೈನ್ಯದ ದಿನಗಳನ್ನು ಹಿಡಿದು ಪರ್ಯಾಯ ಇತಿಹಾಸ ಬರೆಯಲು ಕೂತವರು ಮೊದಲು ಕೈಹಾಕುವುದು ಯುದ್ಧದ ಫಲಿತಾಂಶಕ್ಕೆ. ನಾಯಕ ಗುಡ್ಡ ಗೆಲ್ಲುತ್ತಾನೆ, ಇಸ್ತಾಂಬುಲ್ ಬೀಳುತ್ತದೆ, ರಷ್ಯಾದಲ್ಲಿ ಕ್ರಾಂತಿ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಕಥೆ ಕೈಬಿಟ್ಟು ಹೋಗಿರುತ್ತದೆ. ಒಬ್ಬ ಕ್ಯಾಪ್ಟನ್ನಿನ ಕೈಯಲ್ಲಿ ಗುಡ್ಡ ಗೆಲ್ಲುವ ಶಕ್ತಿ ಎಲ್ಲಿಂದ ಬರಬೇಕು? ಅವನ ಹೊಟ್ಟೆ, ಅವನ ರಜೆ, ಅವನ ವರ್ಗಾವಣೆ, ಇಂಥದ್ದನ್ನು ಮಾತ್ರ ಬದಲಿಸಿ. ಯುದ್ಧ ಇದ್ದ ಹಾಗೇ ಇರಲಿ. ಆಮೇಲೆ ಅವನು ಮುಂದೆ ಕೂರಬೇಕಿದ್ದ ಒಂದೊಂದು ಕುರ್ಚಿಯ ಹಿಂದೆಯೂ ನಡೆದುಹೋಗಿ: ಅವನಿಲ್ಲದಿದ್ದರೆ ಅಲ್ಲಿ ಯಾರು ಕೂರುತ್ತಿದ್ದರು?

ಮೊದಲು ನಿಜವಾಗಿ ನಡೆದದ್ದು. ಅಟ್ಲಿ ಹುಟ್ಟಿದ್ದು 1883ರ ಜನವರಿಯಲ್ಲಿ. ಯುದ್ಧ ಶುರುವಾದಾಗ 31 ತುಂಬಿತ್ತು, ವಯಸ್ಸು ಹೆಚ್ಚಾಯಿತೆಂದು ಮೊದಲು ಸೇರಿಸಿಕೊಳ್ಳಲೂ ಇಲ್ಲ. ಕೊನೆಗೆ ಸೌತ್ ಲ್ಯಾಂಕಾಷೈರ್ ರೆಜಿಮೆಂಟಿನ 6ನೇ ಬೆಟಾಲಿಯನ್ನಿನಲ್ಲಿ ಜಾಗ ಸಿಕ್ಕಿತು. ಅದು 38ನೇ ಬ್ರಿಗೇಡಿಗೆ, ಆ ಬ್ರಿಗೇಡು 13ನೇ ಡಿವಿಷನ್ನಿಗೆ ಸೇರಿದ್ದು. ಯುದ್ಧಮಂತ್ರಿ ಕಿಚನರ್ ಕರೆಗೆ ಓಗೊಟ್ಟು ಬಂದವರ ಹೊಸ ಪಡೆ. 1915ರ ಜುಲೈನಲ್ಲಿ ಹೆಲ್ಲೆಸ್ ಭೂಶಿರದ ಕಂದಕಗಳಿಗೆ ಇಳಿದರು. ಅಲ್ಲೇ ಅಟ್ಲಿಗೆ ಆಮಶಂಕೆ ಹಿಡಿಯಿತು. ಪ್ರಜ್ಞೆ ತಪ್ಪಿದವನನ್ನು ದಡಕ್ಕೆ ಹೊತ್ತು ತಂದು ಹಡಗು ಹತ್ತಿಸಿದರು, ಮಾಲ್ಟಾಕ್ಕೆ ಹೋದ. ಡಿವಿಷನ್ ಲೆಮ್ನೋಸ್ ದ್ವೀಪಕ್ಕೆ ಹೋಗಿ ಸುಧಾರಿಸಿಕೊಂಡು, ಆಗಸ್ಟ್ ಮೊದಲ ವಾರ ಆನ್ಝಾಕ್ ಕೊಲ್ಲಿಯಲ್ಲಿ ಇಳಿಯಿತು. ಚುನುಕ್ ಬೈರ್ ಸೇರಿದ ಬೆಟ್ಟಸಾಲಿಗಾಗಿ ನಡೆದ ಸಾರಿ ಬೈರ್ ಕದನದಲ್ಲಿ ಅವನ ಜೊತೆಗಾರರು ದಂಡಿಯಾಗಿ ಸತ್ತರು. ಅಟ್ಲಿ ಮರಳಿದ್ದು ಚಳಿಗಾಲದ ಹೊತ್ತಿಗೆ. ಡಿಸೆಂಬರ್ 19-20ರ ರಾತ್ರಿ ಸುವ್ಲಾ ಕೊಲ್ಲಿ ಖಾಲಿ ಮಾಡುವಾಗ ಹಿಂಬದಿಯ ಕಾವಲಿಗೆ ನಿಂತದ್ದು ಅವನದೇ ಕಂಪನಿ. ದಡ ಬಿಟ್ಟವರಲ್ಲಿ ಕಟ್ಟಕಡೆಯವನು ಡಿವಿಷನ್ನಿನ ದಂಡನಾಯಕ ಜನರಲ್ ಮಾಡ್, ಅವನಿಗಿಂತ ಒಬ್ಬ ಮುಂಚೆ ಅಟ್ಲಿ.

ಕವಲು ಒಡೆಯಬೇಕಾದ ಜಾಗ ಆ ಜುಲೈ. ಇಲ್ಲಿ ರೋಗದ ಲೆಕ್ಕ ಸರಿಯಾಗಿ ಹಾಕಬೇಕು. ಹೆಲ್ಲೆಸ್‌ನಲ್ಲಿ ಸುಡುಬಿಸಿಲು, ಹೂಳದೆ ಬಿದ್ದ ಹೆಣಗಳು, ಮುಚ್ಚಳವಿಲ್ಲದ ಪಾಯಿಖಾನೆ ಗುಂಡಿಗಳು. ಅಲ್ಲಿಂದೆದ್ದ ನೊಣ ನೇರ ಬಂದು ಕೂರುವುದು ಬಿಸ್ಕತ್ತಿನ ಮೇಲೆ ಸವರಿದ ಜಾಮಿನ ಮೇಲೆ. ತಗಡು ಡಬ್ಬಿಯ ಗೋಮಾಂಸ, ಕಲ್ಲಿನಂಥ ಬಿಸ್ಕತ್ತು, ಜಾಮು: ಮೂರು ಹೊತ್ತೂ ಅದೇ. ಬಾಯಿಗೆ ಹೋಗುವ ದಾರಿಯಲ್ಲಿ ನೊಣ ಓಡಿಸಲು ಒಂದು ಕೈ ಬೇಕೇ ಬೇಕು. ಬ್ಯಾಕ್ಟೀರಿಯಾದ ಆಮಶಂಕೆಯಾದರೆ ಸೋಂಕು ತಗುಲಿದ ಒಂದರಿಂದ ನಾಲ್ಕು ದಿನದೊಳಗೆ ಮಲಗಿಸುತ್ತದೆ. ಅಮೀಬಾದ್ದು ನಿಧಾನ, ವಾರಗಟ್ಟಲೆ ಒಳಗೇ ಕೂತಿದ್ದು ಆಮೇಲೆ ಎದ್ದೇಳುತ್ತದೆ. ಮದ್ದು ಅಂದರೆ ಹರಳೆಣ್ಣೆ, ಭೇದಿಯುಪ್ಪು, ಅಮೀಬಾದ್ದಾದರೆ ಎಮೆಟಿನ್ ಚುಚ್ಚುಮದ್ದು, ಪಥ್ಯಕ್ಕೆ ಹಾಲು, ಆರಾರೂಟಿನ ಗಂಜಿ. ಎರಡು ಮಾತ್ರೆ ನುಂಗಿ ನಾಲ್ಕನೇ ದಿನ ಎದ್ದು ಓಡಾಡುವ ನಾಯಕನನ್ನು ಬರೆದರೆ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ. ಆಂಟಿಬಯಾಟಿಕ್ ಬರಲು ಇನ್ನೂ ಕಾಲು ಶತಮಾನ ಇದೆ.

ಹಾಗಾಗಿ ರೋಗ ಬರದಂತೆ ಮಾಡುವುದು ನಂಬುವಂಥದ್ದಲ್ಲ. ಅಲ್ಲಿ ಅದು ಬಾರದವರೇ ಅಪರೂಪ. ತಡವಾಗಿ ಬರಲಿ. ಡಿವಿಷನ್ ಜುಲೈ ಕೊನೆಗೆ ಲೆಮ್ನೋಸಿಗೆ ಹೋಗುತ್ತದೆ, ಅಲ್ಲಿ ನೊಣ ಕಡಿಮೆ, ಸಮುದ್ರಸ್ನಾನ ಉಂಟು. ಹೆಲ್ಲೆಸ್‌ನಲ್ಲಿ ಒಂದು ದಿನ ಅಟ್ಲಿ ಜಾಮು ಬೇಡವೆಂದು ಒಣ ಬಿಸ್ಕತ್ತು ತಿಂದ ಎಂದಿಟ್ಟುಕೊಳ್ಳಿ. ಸೋಂಕು ಎರಡು ವಾರ ಮುಂದೆ ಹೋಗುತ್ತದೆ. ಆಗಸ್ಟ್ 6ರ ರಾತ್ರಿ ಕತ್ತಲೆಯಲ್ಲಿ ಕಣಿವೆ ಹತ್ತಲು ಹೊರಟ ಸಾಲಿನಲ್ಲಿ ಅವನಿದ್ದಾನೆ, ಹೊಟ್ಟೆ ಸ್ವಲ್ಪ ಗುಡುಗುಡು ಅನ್ನುತ್ತಿದ್ದರೂ ಸೈ. ಇಡೀ ಬದಲಾವಣೆ ಇಷ್ಟೇ. ಒಂದು ಚಮಚ ಜಾಮು.

ಇನ್ನು ಅವನನ್ನು ನಿಲ್ಲಿಸುವುದೆಲ್ಲಿ? ಇಲ್ಲಿ ಬಹುಮಂದಿ ಎಡವುತ್ತಾರೆ. ಆಗಸ್ಟ್ 10ರ ನಸುಕಿನಲ್ಲಿ ಕಮಾಲ್ ನಡೆಸಿದ ಪ್ರತಿದಾಳಿಯಲ್ಲಿ ಚುನುಕ್ ಬೈರ್ ನೆತ್ತಿಯ ಮೇಲೆ ಕೊಚ್ಚಿಹೋದದ್ದು ಲಾಯಲ್ ನಾರ್ತ್ ಲ್ಯಾಂಕಾಷೈರಿನ 6ನೇ ಬೆಟಾಲಿಯನ್ನು ಮತ್ತು ವಿಲ್ಟ್‌ಷೈರಿನ 5ನೆಯದು. ಹೆಸರಿನಲ್ಲಿ ಲ್ಯಾಂಕಾಷೈರ್ ಇದೆ, ಅಂಕಿಯೂ ಆರೇ, ಬ್ರಿಗೇಡೂ ಒಂದೇ. ಆದರೂ ಅದು ಅಟ್ಲಿಯ ಬೆಟಾಲಿಯನ್ ಅಲ್ಲ! ಸೌತ್ ಲ್ಯಾಂಕಾಷೈರಿನವರು ಗುಡ್ಡದ ನೆತ್ತಿ ಮುಟ್ಟಿದ್ದು ಒಂದು ದಿನ ಮೊದಲು, 9ರ ಬೆಳಿಗ್ಗೆ, ಅದೂ ಗೂರ್ಖಾಗಳ ಜೊತೆ. 29ನೇ ಇಂಡಿಯನ್ ಬ್ರಿಗೇಡಿನ 6ನೇ ಗೂರ್ಖಾ ರೈಫಲ್ಸ್‌ನ ಮೊದಲ ಬೆಟಾಲಿಯನ್ ಮೇಜರ್ ಅಲನ್ಸನ್ ಕೈಕೆಳಗೆ ಚುನುಕ್ ಬೈರಿಗೂ ಪಕ್ಕದ ಕ್ಯೂ ಗುಡ್ಡಕ್ಕೂ ನಡುವಿನ ತಗ್ಗಿನ ಹತ್ತಿರ ಅಂಟಿಕೊಂಡಿತ್ತು. ಸೌತ್ ಲ್ಯಾಂಕಾಷೈರಿನ ಒಂದಷ್ಟು ಮಂದಿ ಅಲ್ಲಿಗೆ ಹೋಗಿ ಸೇರಿದ್ದರು. ಬೆಳಿಗ್ಗೆ 5 ಗಂಟೆ ದಾಟಿದ ಮೇಲೆ ಫಿರಂಗಿಗಳು ನಿಂತವು, ಇವರು ನುಗ್ಗಿದರು, ಕೈಕೈ ಮಿಲಾಯಿಸಿ ನೆತ್ತಿ ಹತ್ತಿದರು. ಆಚೆ ಕಡೆ ಡಾರ್ಡನೆಲ್ಸ್ ಜಲಸಂಧಿಯ ನೀರು ಕಂಡಿತು. ಅಷ್ಟರಲ್ಲಿ ತಮ್ಮದೇ ಕಡೆಯ ಗುಂಡುಗಳು ನೆತ್ತಿಯ ಮೇಲೆ ಬಿದ್ದವು. ಹಡಗಿನದೋ, ದಡದ ಹೌವಿಟ್ಸರಿನದೋ, ಜಗಳ ಇವತ್ತಿಗೂ ಮುಗಿದಿಲ್ಲ. ಉಳಿದವರು ಕೆಳಗೆ ಓಡಿದರು.

ಅಟ್ಲಿಯನ್ನು ಇಲ್ಲಿ ನಿಲ್ಲಿಸಿದರೆ ಇನ್ನೊಂದು ವಿಷಯವೂ ಕೂಡಿಬರುತ್ತದೆ. 1916ರ ಏಪ್ರಿಲಿನಲ್ಲಿ ಮೆಸಪೊಟೇಮಿಯಾದ (ಇಂದಿನ ಇರಾಕ್) ಹನ್ನಾದಲ್ಲಿ ಅವನಿಗೆ ನಿಜವಾಗಿ ಗಾಯವಾದದ್ದೂ ಸ್ವಂತ ಕಡೆಯ ಫಿರಂಗಿಯ ಶ್ರ್ಯಾಪ್ನೆಲಿನಿಂದಲೇ. ಕೂಟ್ ಪಟ್ಟಣಕ್ಕೆ ತುರ್ಕರು ಹಾಕಿದ್ದ ಮುತ್ತಿಗೆ ಬಿಡಿಸಲು ಹೋದ ಪಡೆ ಅದು. ಕಾಲಿಗೆ ಪೆಟ್ಟು ಬಿದ್ದು ಅವನನ್ನು ಮೊದಲು ಕಳಿಸಿದ್ದು ಭಾರತಕ್ಕೆ. ಮುಂದೆ ಭಾರತ ಬಿಟ್ಟುಕೊಡುವ ಪ್ರಧಾನಿ ಇಲ್ಲಿ ಕಾಲಿಟ್ಟದ್ದು ಹಾಗೆ, ಕಾಲು ಊರಲಾಗದ ಸ್ಥಿತಿಯಲ್ಲಿ. ಎಂಟು ತಿಂಗಳು ಮುಂಚೆ, ಬೇರೆ ಗುಡ್ಡದಲ್ಲಿ ಅದೇ ಬಗೆಯ ಗಾಯ ಕೊಟ್ಟರೆ ಯಾರೂ ಅತಿಯಾಯಿತು ಅನ್ನಲಾರರು.

ದೃಶ್ಯ ಬರೆಯುವಾಗ ಕಾಲಿಗೆ ತೊಡರುವ ಸಣ್ಣ ಸಣ್ಣ ವಿಷಯಗಳಿವೆ. ಉಕ್ಕಿನ ಶಿರಸ್ತ್ರಾಣ ಬೇಡ, ಆಗ ಅಲ್ಲಿ ಇದ್ದದ್ದು ಬಿಸಿಲು ಟೋಪಿ ಮತ್ತು ಬಟ್ಟೆಯ ಕ್ಯಾಪು. ಕೈಬಾಂಬು ಅಂದರೆ ಜಾಮಿನ ಡಬ್ಬಿಯೊಳಗೆ ಮದ್ದು, ತುಂಡು ಕಬ್ಬಿಣ ತುಂಬಿ ಬತ್ತಿ ಇಟ್ಟದ್ದು. ಜಾಮು ಇಲ್ಲೂ ಬಿಡಲಿಲ್ಲ. ನೀರಿನ ಬುಡ್ಡಿ ಹಿಡಿಸುವುದು ಒಂದು ಲೀಟರಿಗಿಂತ ತುಸು ಹೆಚ್ಚು, ಬೆಟ್ಟ ಹತ್ತುವವನಿಗೆ ಅದು ಮಧ್ಯಾಹ್ನದವರೆಗೂ ಬಾರದು. ಅಟ್ಲಿಯನ್ನು ಇಲ್ಲಿ 'ಮೇಜರ್' ಎನ್ನಬೇಡಿ, ಆ ಪದವಿ ಬಂದದ್ದು 1917ರ ಮಾರ್ಚಿನಲ್ಲಿ. ಗ್ಯಾಲಿಪೊಲಿಯಲ್ಲಿ ಅವನು ಕ್ಯಾಪ್ಟನ್. ಕಮಾಲ್ ಕರ್ನಲ್, ಇನ್ನೂ 'ಪಾಷಾ' ಅಲ್ಲ, 'ಬೇ'. ಅತಾತುರ್ಕ್ ಎಂಬ ಹೆಸರು 1934ರದು. ಪಕ್ಕದ ಬ್ರಿಗೇಡಿನ ವಾರ್ವಿಕ್‌ಷೈರ್ ಬೆಟಾಲಿಯನ್ನಿನಲ್ಲಿ ವಿಲಿಯಂ ಸ್ಲಿಮ್, ಮುಂದೆ ಬರ್ಮಾ ಗೆದ್ದವನು, ಅದೇ ದಿನಗಳಲ್ಲಿ ಗಾಯಗೊಂಡಿದ್ದ. ಅವನನ್ನೂ ಕರೆತಂದು ಅಟ್ಲಿಯ ಜೊತೆ ಮಾತಿಗೆ ಕೂರಿಸುವ ಆಸೆ ಬರುತ್ತದೆ. ತಡೆದುಕೊಳ್ಳಿ. ಮದುವೆ ಮನೆಯ ಹಾಗೆ ಹೆಸರಾಂತರೆಲ್ಲ ಒಂದೇ ಕಡೆ ಸೇರಿದರೆ ಯುದ್ಧಭೂಮಿ ಅನ್ನಿಸುವುದಿಲ್ಲ.

ಈಗ ಅಟ್ಲಿಗೆ ಏನಾಗಬೇಕು? ಸಾವು ಎಲ್ಲರಿಗೂ ಮೊದಲು ಹೊಳೆಯುವುದು, ಬರೆಯಲೂ ಸುಲಭ. ಸೆರೆ ಸಿಕ್ಕರೆ ಅನಾತೋಲಿಯಾದ ಶಿಬಿರದಲ್ಲಿ ಮೂರು ವರ್ಷ. ಆದರೆ ಗಾಯಗೊಂಡು 1915ರಲ್ಲೇ ಸೈನ್ಯದಿಂದ ಹೊರಬೀಳುವ ಅಟ್ಲಿ ಇವೆರಡಕ್ಕಿಂತ ಕುತೂಹಲದವನು. ಆಗ ಸುವ್ಲಾದ ಕೊನೆಯ ರಾತ್ರಿ ಅವನ ಪಾಲಿಗಿಲ್ಲ. ಟ್ಯಾಂಕ್ ದಳವಿಲ್ಲ, ಮೇಜರ್ ಪದವಿಯೂ ಇಲ್ಲ. ಯುದ್ಧ ಮುಗಿದ ಮೇಲೆ ಲಂಡನ್ನಿನ ಪೂರ್ವ ತುದಿಯ ಬಡಕೇರಿಗಳಲ್ಲಿ ಅವನು 'ಮೇಜರ್ ಅಟ್ಲಿ' ಎಂದೇ ಪರಿಚಿತ. ಅವನ ಅಣ್ಣ ಟಾಮ್ ಯುದ್ಧಕ್ಕೆ ಹೋಗಲೊಲ್ಲೆನೆಂದು ಜೈಲು ಸೇರಿದವನು. ಲೇಬರ್ ಪಕ್ಷದವರೆಲ್ಲ ಯುದ್ಧಕ್ಕೆ ಹೆದರಿದವರು ಎಂಬ ಮೂದಲಿಕೆ ಬಲವಾಗಿದ್ದ ಕಾಲದಲ್ಲಿ ಹೆಸರಿನ ಹಿಂದಿನ ಆ ಮೂರಕ್ಷರ ಎಷ್ಟು ಬಾಯಿ ಮುಚ್ಚಿಸಿರಬೇಡ. ಕ್ಯಾಪ್ಟನ್ ಅಟ್ಲಿಯೂ 1919ರಲ್ಲಿ ಸ್ಟೆಪ್ನಿಯ ಮೇಯರ್ ಆಗಿಯಾನು. ಗುಂಡಿಗೆ ಅಲ್ಲ, ಕುರ್ಚಿಗೆ ಸಂಬಂಧಿಸಿದ ವ್ಯತ್ಯಾಸಗಳು ಆಮೇಲೆ ಶುರು.

ಅದಕ್ಕೆ ಮೊದಲು ಗಡಿಯಾರ. ಆಗಸ್ಟ್ 8ರ ರಾತ್ರಿ ತುರ್ಕರ ಸೈನ್ಯ ನಡೆಸುತ್ತಿದ್ದ ಜರ್ಮನ್ ಜನರಲ್ ಲಿಮನ್ ಫಾನ್ ಸ್ಯಾಂಡರ್ಸ್ ಇಡೀ ಅನಾಫರ್ತಾ ವಲಯವನ್ನು ಕಮಾಲನ ಕೈಗೆ ಕೊಟ್ಟ. 10ರ ನಸುಕು, ಸುಮಾರು 4:30. ಫಿರಂಗಿಯ ಸದ್ದಿಲ್ಲ, ಬರೀ ಸಂಗೀನು. ಕಮಾಲ್ ಮುಂದೆ ನಡೆದು ಚಾವಟಿ ಎತ್ತಿದ್ದೇ ಸನ್ನೆ, ಸಾಲುಗಳು ಇಳಿಜಾರಿಗೆ ಧುಮುಕಿದವು. ಆಮೇಲೆ ಬ್ರಿಟಿಷ್ ಫಿರಂಗಿಗಳು ಎಚ್ಚೆತ್ತವು, ಶ್ರ್ಯಾಪ್ನೆಲ್ ಅವನ ಎದೆಯ ಬಲಜೇಬಿಗೆ ಬಡಿಯಿತು. ಗಡಿಯಾರ ಪುಡಿ, ಎದೆಯಲ್ಲಿ ಹೆಪ್ಪುಗಟ್ಟಿದ ಗಾಯ.

ಶ್ರ್ಯಾಪ್ನೆಲ್ ಏನೆಂದು ಗೊತ್ತಿದ್ದರೆ ಇಲ್ಲಿ ಪವಾಡ ಕಡಿಮೆಯಾಗಿ ಲೆಕ್ಕ ಕಾಣುತ್ತದೆ. ಬ್ರಿಟಿಷರ 18 ಪೌಂಡರ್ ಫಿರಂಗಿಯನ್ನೇ ತೆಗೆದುಕೊಳ್ಳಿ. ಅದರ ಒಂದು ಗುಂಡಿನೊಳಗೆ ಸುಮಾರು 375 ಸೀಸದ ಗೋಲಿಗಳು, ದೊಡ್ಡ ಕಡಲೆಕಾಳಿನ ಗಾತ್ರದವು. ಗುಂಡು ಗಾಳಿಯಲ್ಲೇ ಬಾಯಿ ಬಿಡುತ್ತದೆ, ಗೋಲಿಗಳು ಜರಡಿಯಿಂದ ಸುರಿದ ಹಾಗೆ ಮುಂದಕ್ಕೆ ಹರಡುತ್ತವೆ. ಬಾಯಿ ಬಿಟ್ಟ ಜಾಗದ ಹತ್ತಿರ ಅವು ಆಳನ್ನು ತೂತು ಮಾಡುತ್ತವೆ, ದೂರ ಹೋದಷ್ಟೂ ವೇಗ ಸತ್ತು ಚರ್ಮ ಕಂದಿಸುವಷ್ಟಕ್ಕೆ ಇಳಿಯುತ್ತವೆ. ಗಡಿಯಾರ ಒಡೆದು ಎದೆ ಉಳಿದಿದೆ ಅಂದರೆ ಇವೆರಡರ ನಡುವಿನ ದೂರದಿಂದ ಬಂದ ಪೆಟ್ಟು. ಗುಂಡಿನ ಬತ್ತಿ ಕಣ್ಣು ಮಿಟುಕಿಸುವಷ್ಟು ತಡವಾಗಿ ಉರಿದಿದ್ದರೆ ಅದೇ ಗೋಲಿ ಗಡಿಯಾರವನ್ನೂ ದಾಟುತ್ತಿತ್ತು. ಹಾಗಾಗಿ ಗಡಿಯಾರವನ್ನು ಕದಿಯುವುದು, ಹಿಂದಿನ ರಾತ್ರಿ ಕಳೆದುಹಾಕುವುದು ಎಲ್ಲ ಬೇಡದ ನಾಟಕ. ಬತ್ತಿಯನ್ನು ತಡಮಾಡಿ, ಇಲ್ಲವೇ ಗಡಿಯಾರ ಎಡಜೇಬಿನಲ್ಲಿರಲಿ. ಅವನು ಬಿದ್ದ ಮೇಲೂ ಅದು ಟಿಕ್ ಟಿಕ್ ಅನ್ನುತ್ತಿರುತ್ತದೆ. ನಿಜದಲ್ಲಿ ಒಡೆದ ಗಡಿಯಾರವನ್ನು ಕಮಾಲ್ ನೆನಪಿಗೆಂದು ಸ್ಯಾಂಡರ್ಸನಿಗೇ ಕೊಟ್ಟ, ಅವನು ಬದಲಿಗೆ ತನ್ನ ಗಡಿಯಾರ ಕೊಟ್ಟ.

ಕಮಾಲ್ ಸತ್ತರೂ ಚುನುಕ್ ಬೈರ್ ತುರ್ಕರ ಕೈಗೇ ಹೋಗುತ್ತದೆ, ಏಕೆಂದರೆ ಆ ಹೊತ್ತಿಗಾಗಲೇ ಸಾಲುಗಳು ಇಳಿಜಾರಿನಲ್ಲಿದ್ದವು. ಬದಲಾಗುವುದು 1919ರ ನಂತರ. ಅನಾತೋಲಿಯಾದಲ್ಲಿ ಪ್ರತಿರೋಧ ಆಗಲೂ ಏಳುತ್ತದೆ. ಎರ್ಜುರುಮ್‌ನಲ್ಲಿ ಪಡೆ ಚದುರಿಸದೆ ಹಿಡಿದಿಟ್ಟುಕೊಂಡಿದ್ದ ಜನರಲ್ ಕಾಜಿಂ ಕರಬೆಕಿರ್ ಇದ್ದೇ ಇದ್ದ. ಆದರೆ 1924ರ ಮಾರ್ಚ್ 3ರಂದು ಖಲೀಫಾ ಪದವಿಯನ್ನೇ ಕಿತ್ತುಹಾಕುವ ಎದೆಗಾರಿಕೆ ಕಮಾಲನದು. ನಮ್ಮ ಖಿಲಾಫತ್ ಚಳವಳಿಯ ಕಾಲಡಿಯ ನೆಲ ಕುಸಿದದ್ದು ಆ ದಿನ. ಗಾಂಧೀಜಿ 1920ರಲ್ಲಿ ಅಸಹಕಾರವನ್ನು ಯಾವ ಬೇಡಿಕೆಯ ಜೊತೆ ಕಟ್ಟಿದ್ದರೋ ಅದನ್ನು ಖುದ್ದು ತುರ್ಕಿಯೇ ರದ್ದು ಮಾಡಿತು. ಖಲೀಫಾ ಹೆಸರಿಗಾದರೂ ಉಳಿದಿದ್ದರೆ ಇಲ್ಲಿನ ಇಪ್ಪತ್ತರ ದಶಕದ ರಾಜಕೀಯ ಬೇರೆಯೇ ಬಣ್ಣ ಪಡೆಯುತ್ತಿತ್ತು. ಇನ್ನೊಂದು ಕವಲೂ ಇದೆ: 1918ರ ಸೆಪ್ಟೆಂಬರಿನಲ್ಲಿ ಕಮಾಲ್ ಪ್ಯಾಲೆಸ್ತೀನಿನಲ್ಲಿ ತುರ್ಕರ 7ನೇ ಸೈನ್ಯದ ದಂಡನಾಯಕ. ಅದೇ ದಾಳಿಯ ಅಲೆಯಲ್ಲಿ 23ನೇ ತಾರೀಕು ಜೋಧಪುರದವರೂ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಹೈಫಾ ಹಿಡಿದರು. ಜೋರ್ಡಾನ್ ದಾಟುವ ಮೊದಲೇ ಅವನು ಸೆರೆ ಸಿಕ್ಕಿದ್ದರೆ ಎಂದು ಬೇರೊಂದು ಕಥೆ ಕಟ್ಟಬಹುದು.

ಈ ಎರಡು ಎಳೆಗಳೂ ಒಂದಕ್ಕೊಂದು ಗಂಟು ಬೀಳುವುದು 1922ರಲ್ಲಿ. ಸೆಪ್ಟೆಂಬರ್ 9ಕ್ಕೆ ಕಮಾಲನ ಪಡೆ ಇಜ್ಮಿರ್ ಹೊಕ್ಕಿತು, ಅಲ್ಲಿಂದ ಜಲಸಂಧಿಯ ಕಡೆ ತಿರುಗಿತು. ಚನಾಕ್‌ನಲ್ಲಿ ಬ್ರಿಟಿಷರೂ ತುರ್ಕರೂ ಎದುರುಬದುರು. ಪ್ರಧಾನಿ ಲಾಯ್ಡ್ ಜಾರ್ಜ್, ಅವನ ಮಂತ್ರಿ ಚರ್ಚಿಲ್ ಯುದ್ಧಕ್ಕೂ ಸೈ ಎಂದರು, ದೇಶ ಸಾಕಪ್ಪಾ ಅಂದಿತು. ಅಕ್ಟೋಬರ್ 19ರಂದು ಕಾರ್ಲ್‌ಟನ್ ಕ್ಲಬ್ಬಿನಲ್ಲಿ ಸೇರಿದ ಕನ್ಸರ್ವೇಟಿವ್ ಸದಸ್ಯರು ಅವನ ಸಮ್ಮಿಶ್ರ ಸರ್ಕಾರದ ಕತ್ತು ಹಿಸುಕಿದರು, ಲಾಯ್ಡ್ ಜಾರ್ಜ್ ಅಂದೇ ರಾಜೀನಾಮೆ ಕೊಟ್ಟ, ನವೆಂಬರ್ 15ಕ್ಕೆ ಚುನಾವಣೆ. ಆ ಚುನಾವಣೆಯಲ್ಲಿ ಲೈಮ್‌ಹೌಸ್ ಕ್ಷೇತ್ರದಿಂದ ಮೊದಲ ಸಲ ಪಾರ್ಲಿಮೆಂಟಿಗೆ ಹೋದವನು ಅಟ್ಲಿ. ಗ್ಯಾಲಿಪೊಲಿಗೆ ಅವನನ್ನು ಕಳಿಸಿದ ಯೋಜನೆಯ ಹಿಂದಿದ್ದ ಚರ್ಚಿಲ್ ಡಂಡಿಯಲ್ಲಿ ಸೋತ.

ಸರ್ಕಾರ ಬಿದ್ದದ್ದು ಚನಾಕ್ ಒಂದರಿಂದಲೇ ಅಲ್ಲ. ಐರ್ಲೆಂಡಿನ ಒಪ್ಪಂದ, ಬಿರುದು ಮಾರಾಟದ ಹಗರಣ ಎಲ್ಲ ಸೇರಿತ್ತು. ಚನಾಕ್ ಕಡ್ಡಿ ಗೀರಿತು. ಕಮಾಲ್ ಇಲ್ಲದ ಕಥೆಯಲ್ಲಿ ಆ ಕಡ್ಡಿ ಇಲ್ಲ. 1918ರ ಡಿಸೆಂಬರಿನಲ್ಲಿ ಆರಿಸಿದ ಪಾರ್ಲಿಮೆಂಟಿಗೆ ಐದು ವರ್ಷದ ಮಿತಿ, ಹೆಚ್ಚೆಂದರೆ 1924ರ ಆರಂಭದವರೆಗೆ ಎಳೆಯಬಹುದು. ಅಂದರೆ ಅಟ್ಲಿಯ ಪ್ರವೇಶ ಒಂದು ವರ್ಷ ಚಿಲ್ಲರೆ ತಡ. ಅಷ್ಟೇ ತಾನೆ ಅನ್ನಬೇಡಿ. 1922ರಲ್ಲಿ ಗೆದ್ದದ್ದರಿಂದ ಅವನು ಲೇಬರ್ ನಾಯಕ ಮ್ಯಾಕ್‌ಡೊನಾಲ್ಡನ ಸಂಸದೀಯ ಖಾಸಗಿ ಕಾರ್ಯದರ್ಶಿಯಾದ, ಅದರಿಂದ 1924ರಲ್ಲಿ ಯುದ್ಧ ಖಾತೆಯ ಕಿರಿಯ ಮಂತ್ರಿಯಾದ, ಆ ಅನುಭವದ ಮೇಲೆ 1927ರಲ್ಲಿ ಸೈಮನ್ ಆಯೋಗಕ್ಕೆ ಸೇರಿದ. ನಮ್ಮವರು ಕಪ್ಪು ಬಾವುಟ ಹಿಡಿದು 'ಸೈಮನ್, ಹಿಂತಿರುಗು' ಎಂದು ಕೂಗಿದಾಗ ಆ ಸಾಲಿನಲ್ಲಿ ನಡೆದುಬಂದವರಲ್ಲಿ ಅಟ್ಲಿಯೂ ಒಬ್ಬ. ಭಾರತದ ಗೋಜಲು ಅವನಿಗೆ ಗೊತ್ತಾದದ್ದು ಹೀಗೆ. ಒಂದು ವರ್ಷ ತಡವಾಗಿ ಬಂದವನಿಗೆ ಈ ಮೂರೂ ಮೆಟ್ಟಿಲು ಸಿಗುವುದು ಅನುಮಾನ.

ಈ ಕಾರಣಕ್ಕೇ ಎರಡು ಕವಲನ್ನೂ ಒಟ್ಟಿಗೆ ಒಡೆಯಬಾರದು. ಒಂದನ್ನು ಆರಿಸಿ.

ಅಟ್ಲಿಯನ್ನೇ ತೆಗೆದಿರಿ ಎಂದುಕೊಳ್ಳೋಣ. 'ಅವನಿಲ್ಲದಿದ್ದರೆ ಪಕ್ಷದೊಳಗಿನ ಅವನ ಎದುರಾಳಿ ಹರ್ಬರ್ಟ್ ಮಾರಿಸನ್ ಪ್ರಧಾನಿ' ಎಂದು ಒಂದೇ ಸಾಲಿನಲ್ಲಿ ಮುಗಿಸುವವರಿದ್ದಾರೆ. ಅಂಕಿ ನೋಡಿ. 1931ರ ಚುನಾವಣೆಯಲ್ಲಿ ಲೇಬರ್ ಪಕ್ಷ ನೆಲಕಚ್ಚಿತು, ಹಿರಿತಲೆಗಳೆಲ್ಲ ಸೋತವು. ಮಾರಿಸನ್ ಸೋತ, ಆರ್ಥರ್ ಗ್ರೀನ್‌ವುಡ್ ಸೋತ. ಅಟ್ಲಿ ಗೆದ್ದದ್ದು 551 ಮತಗಳಿಂದ. ಸರ್ಕಾರದ ಅನುಭವವಿದ್ದ ಬೆರಳೆಣಿಕೆಯವರಲ್ಲಿ ಒಬ್ಬನಾದ್ದರಿಂದ ಪಕ್ಷದ ನಾಯಕ ಲಾನ್ಸ್‌ಬರಿಗೆ ಉಪನಾಯಕನಾದ. ಅಟ್ಲಿ ಇಲ್ಲದಿದ್ದರೆ ಆ ಜಾಗ ಸ್ಟಾಫರ್ಡ್ ಕ್ರಿಪ್ಸ್‌ನದು. ಆದರೆ ಆಗಿನ ಕ್ರಿಪ್ಸ್ ಕಡು ಎಡಪಂಥೀಯ, 1939ರಲ್ಲಿ ಪಕ್ಷವೇ ಅವನನ್ನು ಉಚ್ಚಾಟಿಸಿತು.

1935ರ ನಾಯಕತ್ವದ ಮೊದಲ ಸುತ್ತಿನಲ್ಲಿ ಅಟ್ಲಿಗೆ 58, ಮಾರಿಸನ್‌ಗೆ 44, ಗ್ರೀನ್‌ವುಡ್‌ಗೆ 33. ಎರಡನೇ ಸುತ್ತಿನಲ್ಲಿ ಅಟ್ಲಿ 88, ಮಾರಿಸನ್ 48. ಗ್ರೀನ್‌ವುಡ್ ಹಿಂದೆ ಸರಿದಾಗ ಮಾರಿಸನ್‌ಗೆ ಕೂಡಿದ್ದು ನಾಲ್ಕೇ ಮತ! ಅವನನ್ನು ಸಹಿಸದವರು ಅಷ್ಟಿದ್ದರು. ಈಗ ಅಟ್ಲಿಯ 58 ಮತ ಹಂಚಿ. ಬಹುಮತಕ್ಕೆ 68 ಬೇಕು. ಮಾರಿಸನ್‌ಗೆ ಅದರಲ್ಲಿ 24 ಸಾಕು, ಗ್ರೀನ್‌ವುಡ್‌ಗೆ 35 ಬೇಕು. ಮೇಲ್ನೋಟಕ್ಕೆ ಮಾರಿಸನ್‌ಗೆ ಸಲೀಸು, ಆದರೆ ಗ್ರೀನ್‌ವುಡ್ಡನ ಬೆಂಬಲಿಗರು ತೋರಿಸಿದ ಸಿಟ್ಟು ಅಟ್ಲಿಯ ಮತದಾರರಲ್ಲೂ ಇದ್ದಿದ್ದರೆ ಗ್ರೀನ್‌ವುಡ್ ಗೆಲ್ಲುತ್ತಾನೆ. ಒಳ್ಳೆಯ ಕಥೆ ಆ ಕೋಣೆಯೊಳಗೇ ಒಂದು ಅಧ್ಯಾಯ ಕೂರುತ್ತದೆ. ಅಲ್ಲಿಂದ 1940ರ ಮೇ ತಿಂಗಳಿಗೆ ಬೇಗ ದಾಟಬಹುದು, ಪ್ರಧಾನಿ ಚೇಂಬರ್ಲೇನ್ ಕೈಕೆಳಗೆ ಕೆಲಸ ಮಾಡಲೊಲ್ಲೆವೆಂದು ಲೇಬರಿನ ಯಾವ ನಾಯಕನಾದರೂ ಹೇಳುತ್ತಿದ್ದ.

1945ರ ನಂತರ ಮತ್ತೆ ನಿಧಾನಿಸಬೇಕು. ಅಟ್ಲಿ ಇಲ್ಲದಿದ್ದರೆ ಭಾರತಕ್ಕೆ ಸ್ವಾತಂತ್ರ್ಯವೇ ಇಲ್ಲ ಎಂದು ಬರೆಯುವುದು ಶುದ್ಧ ತಪ್ಪು. ಖಜಾನೆ ಬರಿದಾಗಿತ್ತು, ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ಎತ್ತಿದ್ದರು, 1946ರ ಫೆಬ್ರವರಿಯಲ್ಲಿ ಬೊಂಬಾಯಿಯ ನೌಕಾಪಡೆಯೇ ಬಂಡೆದ್ದಿತ್ತು. ಬದಲಾಗುವುದು ತಾರೀಕು ಮತ್ತು ಆಳು. 1947ರ ಫೆಬ್ರವರಿ 20ರಂದು '1948ರ ಜೂನ್ ಒಳಗೆ ಹೊರಡುತ್ತೇವೆ' ಎಂದು ಗಡುವು ಸಾರಿ, ವೈಸರಾಯ್ ವೇವೆಲ್‌ನನ್ನು ತೆಗೆದು ಮೌಂಟ್‌ಬ್ಯಾಟನ್‌ನನ್ನು ಕಳಿಸಿದ್ದು ಅಟ್ಲಿ. ಹೀಗೆ ದಿನ ಕಟ್ಟಿ ಹೊರಡುವುದು ವಿದೇಶಾಂಗ ಮಂತ್ರಿ ಬೆವಿನ್‌ಗೆ ಹಿಡಿಸಿರಲಿಲ್ಲ. ಅವನ ಮಾತು ನಡೆಯುವ ಸಂಪುಟವೊಂದನ್ನು ಕಲ್ಪಿಸಿಕೊಳ್ಳಿ. ಮೌಂಟ್‌ಬ್ಯಾಟನ್ ಇಲ್ಲದಿದ್ದರೆ ಗಡುವನ್ನು ಹತ್ತು ತಿಂಗಳು ಹಿಂದಕ್ಕೆಳೆದು ಆಗಸ್ಟ್ 15 ಎನ್ನುವ ಅವಸರವಿಲ್ಲ. ಜುಲೈ 8ಕ್ಕೆ ದೆಹಲಿಗೆ ಬಂದು ಐದು ವಾರದಲ್ಲಿ ಎರಡು ಪ್ರಾಂತಗಳನ್ನು ಸೀಳುವ ಕೆಲಸ ರ‍್ಯಾಡ್‌ಕ್ಲಿಫ್‌ಗೆ ಬರುವುದಿಲ್ಲ. ರಕ್ತಪಾತ ಕಡಿಮೆಯಾಗುತ್ತಿತ್ತೇ ಎಂಬುದನ್ನು ಕಥೆ ತೀರ್ಮಾನಿಸದಿರುವುದೇ ಲೇಸು. ತಡವಾದಷ್ಟೂ ಊರೂರಲ್ಲಿ ಕತ್ತಿ ಮಸೆಯಲು ಸಮಯವೂ ಸಿಗುತ್ತಿತ್ತು.

ನಮ್ಮ ಕಡೆಯ ಅಧ್ಯಾಯ ಬರೆಯುವವರಿಗೆ ಲೆಕ್ಕ ಸುಲಭ. ಆಗಸ್ಟ್ 15ಕ್ಕೆ ಬ್ರಿಟಿಷ್ ಪರಮಾಧಿಕಾರ ಕಳಚಿದ್ದರಿಂದಲೇ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಎದ್ದಿತು, ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಆ ಆಗಸ್ಟ್ ಇಲ್ಲದ ಕಥೆಯಲ್ಲಿ, 1947ರ ಅಕ್ಟೋಬರ್ 25ರ ಶನಿವಾರ, ಮೈಸೂರಿನ ಆಡಳಿತ ಇನ್ನೂ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ ರೆಸಿಡೆಂಟನೂ ಇರುತ್ತಾನೆ.